ಅಮ್ಮನ ಐದು ಮುಡಿಪು

ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ಹಾಸನದ ಮನೆ ಖಾಲಿ ಮಾಡುವಾಗ, ದೇವರ ಫೋಟೋಗಳ ಹಿಂದೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಒಳಗೆ ಅರಿಶಿನದ ಬಟ್ಟೆಯ ಐದು ಪುಟ್ಟ ಗಂಟು. ನಿಮ್ಮ ಮನೆಯಲ್ಲೂ ಇದ್ದೀತು, ಮುಡಿಪು. ಮನೆಯಲ್ಲಿ ಕಷ್ಟ ಬಂದಾಗ ಬಿಳಿ ಬಟ್ಟೆಯ ಚೂರನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿ, ಒಂದೂಕಾಲು ರೂಪಾಯಿ ಕಟ್ಟಿಡುವುದು. ಕಷ್ಟ ಕಳೆದ ಮೇಲೆ ಕ್ಷೇತ್ರಕ್ಕೆ ಹೋಗಿ ಹುಂಡಿಗೆ ಹಾಕುವುದು. ನಮ್ಮಮ್ಮನ ಮುಡಿಪೆಲ್ಲ ಧರ್ಮಸ್ಥಳದ ಮಂಜುನಾಥನಿಗೆ.

ನಾನು ಇದನ್ನೆಲ್ಲ ನಂಬಿದವಳಲ್ಲ. ಕಾಲೇಜಿನಲ್ಲಿದ್ದಾಗ "ದೇವರಿಗೇ ಲಂಚ ಕೊಡ್ತೀಯಲ್ಲಮ್ಮ" ಅಂತ ಅಣಕಿಸುತ್ತಿದ್ದೆ. ಅಮ್ಮ ವಾದಕ್ಕೆ ಬರುತ್ತಿರಲಿಲ್ಲ. "ಲಂಚ ಆದ್ರೆ ಮೊದ್ಲೇ ಕೊಡ್ಬೇಕಿತ್ತು. ಇದು ಸಾಲ ಕಣೆ" ಎಂದು ಒಮ್ಮೆ ಅಂದಿದ್ದಳು, ಅಷ್ಟೆ.

ಒಂದು ಮಾತು ಹೇಳಲೇಬೇಕು. ಮುಡಿಪು ಕಟ್ಟಿ ಕೈಕಟ್ಟಿ ಕೂತವಳಲ್ಲ ಅವಳು. ತಮ್ಮನಿಗೆ ಟೈಫಾಯ್ಡ್ ಆದಾಗ ಗಂಟು ಕಟ್ಟಲು ಎರಡು ನಿಮಿಷ ಹಿಡಿದಿರಬೇಕು. ಆಮೇಲೆ ಹನ್ನೊಂದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಳು. ಮನೆಗೆಲಸಕ್ಕೆ ಬರುತ್ತಿದ್ದಾಕೆಯ ಮಗಳ ಹೆರಿಗೆಗೂ ಮುಡಿಪು ಕಟ್ಟಿದಳು, ಜೊತೆಗೆ ತನ್ನ ಎರಡು ಮೆತ್ತನೆಯ ಕಾಟನ್ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡಿಟ್ಟಳು.

ಐದರಲ್ಲಿ ನಾಲ್ಕರ ಲೆಕ್ಕ ಚಿಕ್ಕಮ್ಮ ಹೇಳಿದರು. ತಮ್ಮನ ಕೆಲಸ, ಮೊಮ್ಮಗಳ ಪರೀಕ್ಷೆ, ಕೋವಿಡ್ ಕಾಲದ್ದೊಂದು, ತನ್ನದೇ ಮೊಣಕಾಲಿನ ಆಪರೇಷನ್ನಿಗೊಂದು. ಎಲ್ಲ ಇತ್ತೀಚಿನವು. ಕಾಲು ಕೈಕೊಟ್ಟ ಮೇಲೆ ಅವಳಿಗೆ ಘಾಟಿ ಇಳಿದು ಹೋಗಲು ಆಗಿರಲಿಲ್ಲ. ಐದನೆಯದು ಮಾತ್ರ ತೀರಾ ಹಳತು, ಅರಿಶಿನ ಕಂದು ತಿರುಗಿತ್ತು. ಬಿಚ್ಚಬಾರದು ಅಂತಾರೆ, ನಾನು ಬಿಚ್ಚಿದೆ. ಒಂದು ರೂಪಾಯಿ, ಜೊತೆಗೆ ನಾಲ್ಕಾಣೆ. 25 ಪೈಸೆ ನಾಣ್ಯ 2011ರ ಜೂನ್‌ಗೇ ಚಲಾವಣೆಯಿಂದ ಹೋಯಿತಲ್ಲ, ಅಂದರೆ ಅದಕ್ಕೂ ಮುಂಚಿನದು.

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಿಂದು ಮಗಾ. ನೀನು ಮದ್ವೆ ಮಾಡ್ಕೊಂಡು ಹೋದೆಯಲ್ಲ, ಆವಾಗಿಂದು" ಅಂದರು.

1998ರಲ್ಲಿ ನಾನು ಬೇರೆ ಜಾತಿಯ ಹುಡುಗನನ್ನು ಮದುವೆಯಾದೆ. ಅಪ್ಪ ಬಾಗಿಲು ಹಾಕಿದರು. ಮೂರು ವರ್ಷ ಆ ಮನೆಯಿಂದ ಒಂದು ಕಾಗದವಿಲ್ಲ, ಫೋನಿಲ್ಲ. ಮಗಳು ಹುಟ್ಟಿದ ಮೇಲೆ ಅಪ್ಪನೇ ಬಂದು ಕರೆದರು, ಎಲ್ಲ ಸರಿಹೋಯಿತು. ಆದರೆ ಅಮ್ಮನೂ ಆಗ ಬಾಯಿ ಬಿಡಲಿಲ್ಲವಲ್ಲ ಅನ್ನುವ ಮುನಿಸು ನನ್ನೊಳಗೆ ಉಳಿದೇ ಇತ್ತು. ಅವಳಿಗೆ ಹೇಳಿರಲಿಲ್ಲ.

"ನಾನು ವಾಪಸ್ ಬಂದ್ನಲ್ಲ ಚಿಕ್ಕಮ್ಮ, ಮತ್ಯಾಕೆ ಹಾಕ್ಲಿಲ್ಲ?"

"ನಿನ್ನ ಕೈಲೇ ಹಾಕಿಸ್ತೀನಿ ಅಂತ ಹೇಳ್ಕೊಂಡಿದ್ಲು. ಬಾಯಿಬಿಟ್ಟು ಕೇಳೋಕೆ ಹೆದರಿಕೆ. ಅವಳು ನಗ್ತಾಳೆ ಅಂತಿದ್ಲು."

ಅಷ್ಟು ವರ್ಷ, ಹೊರಡುವ ಮುಂಚೆ ಪ್ರತಿ ಸಲವೂ ಫೋನ್ ಮಾಡುತ್ತಿದ್ದಳು. "ಧರ್ಮಸ್ಥಳಕ್ಕೆ ಹೋಗ್ತಾ ಇದೀವಿ, ಬರ್ತೀಯೇನೆ?" "ರಜೆ ಇಲ್ಲಮ್ಮ" ಅನ್ನುತ್ತಿದ್ದೆ. ಸುಮ್ಮನೆ ಕರೆಯುತ್ತಾಳೆ ಅಂದುಕೊಂಡಿದ್ದೆ.

ಹೋದ ತಿಂಗಳು ಹೋದೆ. ಬಸ್ ಹೊರಡುವ ಮುಂಚೆ ಡ್ರೈವರ್ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎಷ್ಟು ಬಸ್ ಹತ್ತಿದ್ದೇನೋ, ಇದನ್ನು ಗಮನಿಸಿದ್ದು ಅವತ್ತೇ. ಸಕಲೇಶಪುರ ದಾಟಿ ಶಿರಾಡಿ ಘಾಟಿಯುದ್ದಕ್ಕೂ ಮಳೆ. ಅಲ್ಲಿರುವುದು ಶಿವ, ಪೂಜೆ ಮಾಡುವವರು ವೈಷ್ಣವರು, ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಜಾತಿ ನೋಡಿ ಬಾಗಿಲು ಹಾಕಿದ ನಮ್ಮಪ್ಪ ವರ್ಷವರ್ಷವೂ ಬಂದು ಕೈಮುಗಿಯುತ್ತಿದ್ದದ್ದು ಇಲ್ಲಿಗೇ ಅಂತ ನೆನಪಾಗಿ ಸಾಲಿನಲ್ಲಿ ನಿಂತೇ ನಗು ಬಂತು.

ನನಗೆ ನಂಬಿಕೆ ಬಂತಾ ಅಂತ ಕೇಳಿದರೆ, ಇಲ್ಲ ಅನ್ನಬೇಕು. ಆದರೆ ಸಾಲ ಅಮ್ಮನದು, ತೀರಿಸಬೇಕಿದ್ದ ಕೈ ನನ್ನದು.

ನಾಲ್ಕನ್ನು ಹಾಕಿದೆ. ಐದನೆಯದನ್ನು ಬಿಚ್ಚಿ ನಾನೇ ಮತ್ತೆ ಕಟ್ಟಿದ್ದೆನಲ್ಲ, ಅಮ್ಮ ಕಟ್ಟಿದಷ್ಟು ಬಿಗಿಯಾಗಿರಲಿಲ್ಲ. ಇನ್ನೊಮ್ಮೆ ಬಿಗಿ ಮಾಡುತ್ತಿದ್ದಾಗ ಹಿಂದಿದ್ದ ಹೆಂಗಸು "ಬೇಗ ಹಾಕಿ ಅಕ್ಕಾ, ಲೈನ್ ನಿಂತಿದೆ" ಅಂದರು. ಹಾಕಿದೆ.