ಎಸಿ ಕ್ಲಾಸ್‌ರೂಮ್‌ನಲ್ಲೂ ಓದು ತಲೆಗೆ ಹತ್ತುತ್ತಿಲ್ಲವೇ? ಅಮೀರ್‌ಪೇಟ್‌ಗೆ ಕೋಚಿಂಗ್‌ಗೆ ಹೋಗುವವರು ತಿಳಿಯಬೇಕಾದ ಸೆಖೆಯ ಲೆಕ್ಕ

ಹೈದರಾಬಾದ್: ಅಮೀರ್‌ಪೇಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಮೈತ್ರಿವನಂ ಕಡೆ ಹೆಜ್ಜೆ ಹಾಕಿದರೆ ತಲೆ ಎತ್ತಿದಲ್ಲೆಲ್ಲ ಕೋಚಿಂಗ್ ಬ್ಯಾನರ್‌ಗಳೇ ಕಾಣುತ್ತವೆ. ಜಾವಾ, ಪೈಥಾನ್, ಟೆಸ್ಟಿಂಗ್, ಎಸ್‌ಎಪಿ, ಡೇಟಾ ಸೈನ್ಸ್, ಬ್ಯಾಂಕ್ ಪರೀಕ್ಷೆ ಎಂದು ಪಟ್ಟಿ ಬೆಳೆಯುತ್ತದೆ. ಕೋರ್ಸ್ ಹೆಸರು ಮತ್ತು ಡೆಮೊ ಕ್ಲಾಸ್ ದಿನಾಂಕದ ಜೊತೆಗೆ ಜಾಹೀರಾತುಗಳಲ್ಲಿ ಕಾಣುವ ಇನ್ನೊಂದು ಆಕರ್ಷಣೆ 'ಎಸಿ ಕ್ಲಾಸ್‌ರೂಮ್'.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಯುವಕ ಯುವತಿಯರಿಗೂ ಅಮೀರ್‌ಪೇಟ್ ಹೊಸ ಹೆಸರಲ್ಲ. ಬೀದರ್‌ನವರಿಗಂತೂ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಪದವಿ ಮುಗಿಸಿ, ಮನೆಯವರಿಂದ ಫೀಸಿಗೆ ಮತ್ತು ಹಾಸ್ಟೆಲ್‌ಗೆ ದುಡ್ಡು ತಂದು, ಕೆಲವೇ ತಿಂಗಳಲ್ಲಿ ಒಂದು ಕೋರ್ಸ್ ಮುಗಿಸಿ ಕೆಲಸ ಹಿಡಿಯಬೇಕೆಂಬ ಲೆಕ್ಕದಲ್ಲಿ ಇಲ್ಲಿಗೆ ಬರುತ್ತಾರೆ. ಆದರೆ ಬೇಸಿಗೆಯಲ್ಲಿ ಎರಡು ವಾರ ಕಳೆಯುವಷ್ಟರಲ್ಲಿ ಕೆಲವರಿಗೆ ಉತ್ಸಾಹ ಇಳಿಯುತ್ತದೆ. ಕ್ಲಾಸ್‌ನಲ್ಲಿ ತೂಕಡಿಕೆ, ಹಾಸ್ಟೆಲ್‌ನಲ್ಲಿ ನಿದ್ದೆಯಿಲ್ಲ, ಲ್ಯಾಪ್‌ಟಾಪ್ ತೆರೆದರೆ ಬೇಸರ. ಆಗ ಮೊದಲು ಬರುವ ಅನುಮಾನ ತಮ್ಮ ಮೇಲೆಯೇ: 'ಈ ಸಬ್ಜೆಕ್ಟ್ ನನಗೆ ಆಗಿಬರುವುದಿಲ್ಲವೇನೋ?'

ಈ ತೀರ್ಮಾನಕ್ಕೆ ಬರುವ ಮುನ್ನ ಕೂತ ಕೋಣೆಯನ್ನೂ ಮಲಗಿದ ಕೋಣೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು ಎನ್ನುತ್ತವೆ ಸಂಶೋಧನೆಗಳು. ಸೆಖೆ ಮನುಷ್ಯನ ಬುದ್ಧಿಯ ವೇಗದ ಜೊತೆಗೆ ಕೆಲಸ ಮಾಡುವ ಮನಸ್ಸನ್ನೂ ಕುಂದಿಸುತ್ತದೆ. ಎಸಿ ಅದನ್ನು ಒಂದು ಮಟ್ಟಿಗೆ ತಡೆಯುತ್ತದೆ. ಆದರೆ ಎಸಿ ಇದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಏಕೆ? ಇಲ್ಲಿದೆ ವಿವರ.

ಸೆಖೆಯಲ್ಲಿ ಓದುವ ಮನಸ್ಸು ಏಕೆ ಕುಂದುತ್ತದೆ?

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ಸುತ್ತಲಿನ ಗಾಳಿ ಬಿಸಿಯಾದಾಗ ದೇಹ ಚರ್ಮದ ಕಡೆಗೆ ಹೆಚ್ಚು ರಕ್ತ ಕಳುಹಿಸುತ್ತದೆ, ಬೆವರು ಸುರಿಸುತ್ತದೆ, ಎದೆಬಡಿತ ಏರುತ್ತದೆ. ಕುಳಿತಲ್ಲೇ ಕುಳಿತಿದ್ದರೂ ದೇಹಕ್ಕೆ ಇದೊಂದು ಹೆಚ್ಚುವರಿ ಕೆಲಸ. ಬೆವರಿದಷ್ಟು ನೀರು ಕುಡಿಯದಿದ್ದರೆ ಗಮನ ಇನ್ನಷ್ಟು ಚದುರುತ್ತದೆ.

ಕಟ್ಟಡಗಳ ಒಳಗಿನ ವಾತಾವರಣದ ಬಗ್ಗೆ 2013ರಲ್ಲಿ ಪ್ರಕಟವಾದ ಚೀನಾ ಸಂಶೋಧಕರ ಅಧ್ಯಯನವೊಂದು ಇದನ್ನೇ ಹೇಳಿತ್ತು. ಸೆಖೆಯಿಂದ ಕಿರಿಕಿರಿ ಆದಾಗ ಕೆಲಸದ ಗುಣಮಟ್ಟ ಕುಸಿಯುತ್ತದೆ, ಜೊತೆಗೆ ಕೆಲಸ ಮಾಡಬೇಕೆಂಬ ಹುಮ್ಮಸ್ಸೂ ಇಳಿಯುತ್ತದೆ. ಅಂದರೆ 'ಓದಲು ಮನಸ್ಸೇ ಬರುತ್ತಿಲ್ಲ' ಎಂಬುದು ಯಾವಾಗಲೂ ಸೋಮಾರಿತನ ಅಲ್ಲ.

ದೊಡ್ಡ ಪ್ರಮಾಣದ ಲೆಕ್ಕವೂ ಇದೆ. ಅಮೆರಿಕದಲ್ಲಿ ಸುಮಾರು 1 ಕೋಟಿ ವಿದ್ಯಾರ್ಥಿಗಳ ಪರೀಕ್ಷಾ ಅಂಕಗಳನ್ನು ಹವಾಮಾನದ ದಾಖಲೆ ಜೊತೆ ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಹಿಂದಿನ ಶಾಲಾ ವರ್ಷದ ಉಷ್ಣಾಂಶ 1 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಆ ವರ್ಷದ ಕಲಿಕೆ ಶೇ 1ರಷ್ಟು ಕಡಿಮೆಯಾಗುತ್ತದೆ ಎಂಬುದು ಅದರ ತೀರ್ಮಾನ. ಶಾಲೆಯಲ್ಲಿ ಎಸಿ ಇದ್ದ ಕಡೆ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಹಾಗಾಗಿ ಬೇಸಿಗೆಯ ತರಗತಿಗೆ ಎಸಿ ಎಂಬುದು ಬರೀ ಶೋಕಿಯಲ್ಲ.

ಎಸಿ ಇದ್ದರೂ ತಂಪಾಗದ ಕೋಣೆ

ಅಮೀರ್‌ಪೇಟ್‌ನ ಎಷ್ಟೋ ತರಗತಿಗಳು ನಡೆಯುವುದು ವಾಣಿಜ್ಯ ಸಂಕೀರ್ಣಗಳ ಮಹಡಿಗಳಲ್ಲಿ. ಅಂಗಡಿ, ಕಚೇರಿಗಾಗಿ ಕಟ್ಟಿದ ಜಾಗಕ್ಕೆ ಪಾರ್ಟಿಷನ್ ಹಾಕಿ ತರಗತಿ ಮಾಡಿದರೆ ಎದುರು ಬದುರು ಕಿಟಕಿ ಇರುವುದು ಕಷ್ಟ. ಗಾಳಿಯಾಡದ ಕೋಣೆಗೆ ಎಸಿಯೇ ಗತಿ.

ಈಗ ಒಂದು ಸರಳ ಲೆಕ್ಕ ನೋಡಿ. ಸುಮ್ಮನೆ ಕುಳಿತ ಒಬ್ಬ ವಯಸ್ಕನ ದೇಹ ಸುಮಾರು 100 ವಾಟ್‌ನಷ್ಟು ಶಾಖ ಹೊರಬಿಡುತ್ತದೆ. 60 ಜನ ಕೂತರೆ 6,000 ವಾಟ್. 1 ಟನ್ ಎಸಿ ಹೊರಹಾಕಬಲ್ಲ ಶಾಖ ಸುಮಾರು 3,500 ವಾಟ್. ಅಂದರೆ ಕೂತವರ ಮೈ ಶಾಖವೊಂದನ್ನೇ ತೆಗೆಯಲು 1.7 ಟನ್ ಬೇಕು. ಬಿಸಿಲಿಗೆ ಕಾದ ಗೋಡೆ ಮತ್ತು ತಾರಸಿ, ಕಂಪ್ಯೂಟರ್, ಪ್ರೊಜೆಕ್ಟರ್, ಪ್ರತಿ ಸಲ ಬಾಗಿಲು ತೆರೆದಾಗ ನುಗ್ಗುವ ಬಿಸಿಗಾಳಿ ಇದರ ಮೇಲೆ ಸೇರುತ್ತವೆ. ಒಂದೂವರೆ ಟನ್‌ನ ಒಂದು ಎಸಿ ಹಾಕಿ ಕೋಣೆ ತುಂಬ ವಿದ್ಯಾರ್ಥಿಗಳನ್ನು ಕೂರಿಸಿದರೆ ಅದು ಹೆಸರಿಗಷ್ಟೇ ಎಸಿ ಕ್ಲಾಸ್‌ರೂಮ್.

ರಿಮೋಟ್‌ನಲ್ಲಿ 18 ಎಂದು ಒತ್ತಿದರೂ ಇದು ಬದಲಾಗದು. ಎಸಿಯ ಸಾಮರ್ಥ್ಯ ಇದ್ದಷ್ಟೇ ಇರುತ್ತದೆ.

ತಂಪು ಗಾಳಿ ಬೇರೆ, ತಾಜಾ ಗಾಳಿ ಬೇರೆ

ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲರ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಇದರ ಪ್ರಮಾಣ 10 ಲಕ್ಷ ಭಾಗಗಳಲ್ಲಿ 420ಕ್ಕಿಂತ ಸ್ವಲ್ಪ ಹೆಚ್ಚು. ಜನ ತುಂಬಿದ ಮುಚ್ಚಿದ ಕೋಣೆಯಲ್ಲಿ ಅದು 1,000 ದಾಟಲು ಹೆಚ್ಚು ಹೊತ್ತು ಬೇಕಿಲ್ಲ.

ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯ 2012ರಲ್ಲಿ 22 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಈ ಪ್ರಮಾಣ 600ರಿಂದ 1,000ಕ್ಕೆ, ಅಲ್ಲಿಂದ 2,500ಕ್ಕೆ ಏರಿದಂತೆ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಕುಸಿದಿತ್ತು. ನಂತರದ ಎಲ್ಲ ಅಧ್ಯಯನಗಳೂ ಇದೇ ಫಲಿತಾಂಶ ಕೊಟ್ಟಿಲ್ಲ. ಆದರೆ ಗಾಳಿಯಾಡದ ಕೋಣೆಯಲ್ಲಿ ಜನರಿಗೆ ಉಸಿರುಗಟ್ಟಿದಂತೆ, ಮಂಪರು ಬಂದಂತೆ ಅನಿಸುವುದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಮಧ್ಯಾಹ್ನದ ಕ್ಲಾಸ್‌ನ ತೂಕಡಿಕೆಗೆ ಊಟವನ್ನೋ ಪಾಠವನ್ನೋ ದೂರುವ ಮೊದಲು ಹತ್ತು ನಿಮಿಷ ಬಾಗಿಲು ತೆರೆದು ನೋಡಬಹುದು.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿಯಲ್ಲೂ ಗಾಳಿ, ಬೆಳಕಿನ ವಿಷಯವಿದೆ. ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಗೆ ಕನಿಷ್ಠ 1 ಚದರ ಮೀಟರ್ ಜಾಗ ಇರಬೇಕು, ಕಟ್ಟಡದಲ್ಲಿ ಸರಿಯಾಗಿ ಗಾಳಿಯಾಡಬೇಕು ಎಂದು ಅದು ಹೇಳುತ್ತದೆ.

ಹಾಗಾದರೆ ಎಷ್ಟು ಡಿಗ್ರಿ ಸರಿ?

ಎಲ್ಲರಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ. ಬರ್ಲಿನ್‌ನಲ್ಲಿ 500ಕ್ಕೂ ಹೆಚ್ಚು ಜನರನ್ನು ಸುಮಾರು 16ರಿಂದ 33 ಡಿಗ್ರಿವರೆಗಿನ ಕೋಣೆಗಳಲ್ಲಿ ಕೂರಿಸಿ ಪರೀಕ್ಷೆ ಬರೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕೋಣೆ ಬೆಚ್ಚಗಾದಂತೆ ಲೆಕ್ಕ ಮತ್ತು ಭಾಷೆಯ ಪ್ರಶ್ನೆಗಳಲ್ಲಿ ಮಹಿಳೆಯರ ಸಾಧನೆ ಉತ್ತಮವಾಯಿತು, ಪುರುಷರದ್ದು ಸ್ವಲ್ಪ ಇಳಿಯಿತು. ಎಸಿಯನ್ನು 18ಕ್ಕೆ ಇಟ್ಟಾಗ ಎದುರು ಸಾಲಿನಲ್ಲಿ ದುಪಟ್ಟಾ ಹೊದ್ದು ಕೂರುವವರ ಕಷ್ಟವೂ ಓದಿನ ಕಷ್ಟವೇ ಎಂದಾಯಿತು.

ಹುಟ್ಟಿ ಬೆಳೆದ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಅಹಮದಾಬಾದ್‌ನ ಸೆಪ್ಟ್ ವಿಶ್ವವಿದ್ಯಾಲಯದ ತಂಡ ಭಾರತದ ಕಚೇರಿಗಳಲ್ಲಿ ಅಧ್ಯಯನ ನಡೆಸಿ ನಮ್ಮ ಹವೆಗೆ ಹೊಂದುವ ಮಾನದಂಡವೊಂದನ್ನು ರೂಪಿಸಿದೆ. ಅದರ ಪ್ರಕಾರ ಹೊರಗಿನ ಸರಾಸರಿ ಉಷ್ಣಾಂಶ 33 ಡಿಗ್ರಿ ಇರುವ ತಿಂಗಳಲ್ಲಿ, ಕಿಟಕಿ ತೆರೆದು ಗಾಳಿಯಾಡುವ ಕಟ್ಟಡದಲ್ಲಿ 30 ಡಿಗ್ರಿ ಆಸುಪಾಸು ಕೂಡ ಜನರಿಗೆ ಹಿತವಾಗಿಯೇ ಇರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲು ಕಂಡವರಿಗೆ ಇದು ಅಚ್ಚರಿ ಅನಿಸದು.

ಆದರೆ ಸಹಿಸಿಕೊಳ್ಳುವುದು ಬೇರೆ, ತಲೆ ಚುರುಕಾಗಿ ಓಡುವುದು ಬೇರೆ. ಬಿಸಿ ಹವೆಗೆ ಒಗ್ಗಿದ ಕೋಸ್ಟರಿಕಾದ ಶಾಲಾ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ತರಗತಿಯನ್ನು 30ರಿಂದ 25 ಡಿಗ್ರಿಗೆ ಇಳಿಸಿದಾಗ ಮಕ್ಕಳ ಕೆಲಸ ಸುಧಾರಿಸಿತು.

ನಮ್ಮ ದೇಶದಲ್ಲಿ 2020ರ ಜನವರಿ 1ರಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು 24 ಡಿಗ್ರಿ ಡಿಫಾಲ್ಟ್ ಸೆಟ್ಟಿಂಗ್‌ನೊಂದಿಗೇ ಬರಬೇಕು. ಎಸಿಗಳನ್ನು 20ರಿಂದ 28 ಡಿಗ್ರಿಗೆ ಸೀಮಿತಗೊಳಿಸುವ ಪ್ರಸ್ತಾವವನ್ನು ಕೇಂದ್ರ ಸಚಿವ ಮನೋಹರ್ ಲಾಲ್ ಖಟ್ಟರ್ 2025ರ ಜೂನ್‌ನಲ್ಲಿ ಪ್ರಕಟಿಸಿದ್ದರು. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 25ರ ಆಸುಪಾಸಿಗೆ ಎಸಿ ಇಟ್ಟು ಜೊತೆಗೆ ಫ್ಯಾನ್ ತಿರುಗಿಸಿದರೆ ಹೆಚ್ಚಿನವರಿಗೆ ಸಾಕಾಗುತ್ತದೆ.

ರಿಮೋಟ್ ಯಾರ ಕೈಯಲ್ಲಿದೆ?

ಹುಮ್ಮಸ್ಸಿನ ವಿಷಯಕ್ಕೆ ಬಂದರೆ ಇದೂ ಮುಖ್ಯ. ಮನೋವಿಜ್ಞಾನಿಗಳಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಗದ್ದಲದ ಬಗ್ಗೆ ನಡೆಸಿದ ಪ್ರಸಿದ್ಧ ಪ್ರಯೋಗವೊಂದಿದೆ. ಒಂದು ಗುಂಪಿಗೆ ಬೇಕೆಂದರೆ ಗದ್ದಲ ನಿಲ್ಲಿಸಬಹುದಾದ ಬಟನ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಬಟನ್ ಇದ್ದವರು ಅದನ್ನು ಒತ್ತದೇ ಇದ್ದರೂ, ನಂತರ ಕೊಟ್ಟ ಬಿಡಿಸಲಾಗದ ಒಗಟುಗಳ ಜೊತೆ ಹೆಚ್ಚು ಹೊತ್ತು ಗುದ್ದಾಡಿದರು. ಬಟನ್ ಇಲ್ಲದವರು ಬೇಗ ಕೈಚೆಲ್ಲಿದರು.

ಅದು ಗದ್ದಲದ ಪ್ರಯೋಗ. ಆದರೆ ಉಷ್ಣಾಂಶದ ವಿಷಯದಲ್ಲೂ ಕಿಟಕಿ, ಫ್ಯಾನ್, ಎಸಿ ತಮ್ಮ ಹತೋಟಿಯಲ್ಲಿದ್ದರೆ ಜನ ಹೆಚ್ಚು ಸೆಖೆಗೆ, ಹೆಚ್ಚು ಚಳಿಗೆ ಹೊಂದಿಕೊಳ್ಳುತ್ತಾರೆ ಎಂಬುದನ್ನು ಕಟ್ಟಡ ಸಂಶೋಧಕರು ಕಂಡುಕೊಂಡಿದ್ದಾರೆ. ಎಸಿ ರಿಮೋಟ್ ರಿಸೆಪ್ಷನ್ ಡ್ರಾಯರ್‌ನಲ್ಲಿ ಬೀಗ ಹಾಕಿಟ್ಟರೆ ವಿದ್ಯಾರ್ಥಿಗಳಿಗೆ ಈ ಹತೋಟಿ ಇರುವುದಿಲ್ಲ. 'ಸೆಖೆ ಆಗ್ತಿದೆ ಸರ್' ಎಂದು ಹೇಳಲು ಸಾಧ್ಯವಿರುವ ತರಗತಿಯೇ ಅರ್ಧ ತಂಪು.

ಅಸಲಿ ಸಮಸ್ಯೆ ರಾತ್ರಿಯದ್ದು

ಇಷ್ಟೆಲ್ಲ ಹೇಳಿದರೂ ಅಮೀರ್‌ಪೇಟ್‌ನ ವಿದ್ಯಾರ್ಥಿ ದಿನದಲ್ಲಿ ಎಸಿ ತರಗತಿಯಲ್ಲಿ ಕೂರುವುದು ಕೆಲವೇ ಗಂಟೆ. ಉಳಿದ ಹೊತ್ತು ಎಸ್‌.ಆರ್‌.ನಗರ, ಬಲ್ಕಂಪೇಟ್ ಕಡೆಯ ಹಾಸ್ಟೆಲ್‌ಗಳಲ್ಲಿ ಕಳೆಯುತ್ತಾನೆ. ಒಂದು ರೂಮಿನಲ್ಲಿ ಮೂರು ನಾಲ್ಕು ಮಂಚ, ಒಂದು ಫ್ಯಾನ್. ಬಾಡಿಗೆ ಕಡಿಮೆ ಎಂದು ಮೇಲಿನ ಮಹಡಿ ಹಿಡಿದರೆ ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ರಾತ್ರಿಯಿಡೀ ಶಾಖವನ್ನು ಕೆಳಗೆ ಬಿಡುತ್ತದೆ.

ಇಲ್ಲಿಗೆ ನೇರವಾಗಿ ಅನ್ವಯವಾಗುವ ಅಧ್ಯಯನ ಹಾರ್ವರ್ಡ್ ಸಂಶೋಧಕರದ್ದು. 2016ರ ಬೇಸಿಗೆಯಲ್ಲಿ ಬಾಸ್ಟನ್‌ನಲ್ಲಿ ಬಿಸಿಗಾಳಿ ಬೀಸಿದಾಗ 44 ವಿದ್ಯಾರ್ಥಿಗಳನ್ನು 12 ದಿನ ಗಮನಿಸಿದರು. 24 ಮಂದಿ ಎಸಿ ಇದ್ದ ಹಾಸ್ಟೆಲ್‌ನಲ್ಲಿ, 20 ಮಂದಿ ಎಸಿ ಇಲ್ಲದ ಹಳೆಯ ಕಟ್ಟಡದಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್‌ನಲ್ಲಿ ಪರೀಕ್ಷೆ. ಎಸಿ ಇಲ್ಲದವರ ಪ್ರತಿಕ್ರಿಯೆ ಸುಮಾರು ಶೇ 13ರಷ್ಟು ನಿಧಾನವಾಗಿತ್ತು, ಕೂಡು ಕಳೆಯುವ ಲೆಕ್ಕದಲ್ಲೂ ಅಷ್ಟೇ ಹಿಂದೆ ಬಿದ್ದಿದ್ದರು. ಆ ಕೋಣೆಗಳ ಸರಾಸರಿ ಉಷ್ಣಾಂಶ ಎಷ್ಟು ಗೊತ್ತೇ? 26.3 ಡಿಗ್ರಿ. ಹೈದರಾಬಾದ್‌ನ ಮೇ ತಿಂಗಳಿಗೆ ಹೋಲಿಸಿದರೆ ಅದು ತಂಪು ಎನ್ನಬೇಕು. ಆದರೆ ಅವರು ಬಾಸ್ಟನ್‌ನ ಹವೆಗೆ ಒಗ್ಗಿದವರು. ಇನ್ನೊಂದು ಅಂಶವೂ ಇದೆ. ಹೊರಗೆ ಬಿಸಿ ಇಳಿದ ಮೇಲೂ ಕಟ್ಟಡ ಕಾದೇ ಇದ್ದ ದಿನಗಳಲ್ಲಿ ವ್ಯತ್ಯಾಸ ಹೆಚ್ಚು ಕಂಡಿತ್ತು.

ಕಾರಣ ನಿದ್ದೆ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಸೆಖೆಯಲ್ಲಿ ಅದು ಇಳಿಯುವುದಿಲ್ಲ, ಗಾಢ ನಿದ್ದೆ ಕಡಿಮೆಯಾಗುತ್ತದೆ. ರಾತ್ರಿ ನಿದ್ದೆಗೆಟ್ಟವರನ್ನು ಬೆಳಿಗ್ಗೆ ತಂಪು ಕೋಣೆಯಲ್ಲಿ ಕೂರಿಸಿದರೆ ಅವರು ಕಲಿಯುವುದಕ್ಕಿಂತ ತೂಕಡಿಸುವುದೇ ಹೆಚ್ಚು.

ವೇಳೆ ಬದಲಿಸುವ ಜಾಣತನ

ಬಿಸಿಲನ್ನು ಗೆಲ್ಲಲಾಗದಿದ್ದಾಗ ವೇಳೆ ಬದಲಿಸುವುದು ಈ ಸೀಮೆಯ ಹಳೆಯ ಉಪಾಯ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದುಂಟು. ತೆಲಂಗಾಣದಲ್ಲಿ ಮಾರ್ಚ್ ಮಧ್ಯದಿಂದ ಶಾಲೆಗಳಿಗೆ ಅರ್ಧ ದಿನ. ಅಲ್ಲಿನವರು ಇದನ್ನು 'ಒಂಟಿಪೂಟ ಬಡುಲು' ಎನ್ನುತ್ತಾರೆ. ಕೋಚಿಂಗ್ ವಿದ್ಯಾರ್ಥಿಗಳೂ ಬೆಳಗಿನ ಬ್ಯಾಚ್ ಆರಿಸಿಕೊಂಡು ಕಠಿಣ ವಿಷಯವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬಹುದು.

ಕಟ್ಟಡದ ಮಟ್ಟದಲ್ಲೂ ದಾರಿಯಿದೆ. 2023ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಕೂಲ್ ರೂಫ್ ನೀತಿ ಜಾರಿಗೆ ತಂದಿತು. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪನ ಹಾಕಿ ಕೋಣೆಯ ಶಾಖ ಇಳಿಸುವುದು ಅದರ ಉದ್ದೇಶ. ಹಾಸ್ಟೆಲ್ ಮಾಲೀಕರಿಗೆ ಎಸಿ ಹಾಕಿಸುವುದಕ್ಕಿಂತ ಇದು ಕಡಿಮೆ ಖರ್ಚಿನ ಕೆಲಸ.

ಫೀಸು ಕಟ್ಟುವ ಮುನ್ನ ಇವನ್ನು ಗಮನಿಸಿ

* ಡೆಮೊ ಕ್ಲಾಸ್‌ಗೆ ಮಧ್ಯಾಹ್ನ, ಕೋಣೆ ತುಂಬಿರುವಾಗ ಹೋಗಿ. ಖಾಲಿ ಕೋಣೆ ಯಾವಾಗಲೂ ತಂಪಾಗಿಯೇ ಇರುತ್ತದೆ.
* ಎಷ್ಟು ಎಸಿ, ಎಷ್ಟು ಜನ, ತೆರೆಯಬಹುದಾದ ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನ್ ಇದೆಯೇ ಎಂದು ನೋಡಿ.
* ಕರೆಂಟ್ ಹೋದರೆ ಜನರೇಟರ್‌ನಲ್ಲಿ ಎಸಿ ನಡೆಯುತ್ತದೆಯೇ, ಫ್ಯಾನ್ ಮಾತ್ರವೇ ಎಂದು ಕೇಳಿ.
* ಹಾಸ್ಟೆಲ್ ರೂಮನ್ನು ಸಂಜೆಯ ಮೇಲೆ ನೋಡಿ. ಗೋಡೆ ಮುಟ್ಟಿ, ಸೂರಿನ ಕೆಳಗೆ ಐದು ನಿಮಿಷ ನಿಲ್ಲಿ. ಕೊನೆಯ ಮಹಡಿ ಬಿಟ್ಟು ಕೆಳಗಿನದು ಸಿಕ್ಕರೆ ಸ್ವಲ್ಪ ಹೆಚ್ಚು ಬಾಡಿಗೆಗೂ ಬೆಲೆ ಇದೆ.
* ಕ್ಲಾಸ್‌ಗೆ ನೀರಿನ ಬಾಟಲಿ, ಚಳಿಯಾಗುವವರು ಒಂದು ತೆಳು ಶಾಲು ಇಟ್ಟುಕೊಳ್ಳಿ.

ಇಷ್ಟು ಮಾಡಿದ ಮೇಲೂ ಕೋರ್ಸ್ ಹಿಡಿಸದಿದ್ದರೆ ಆಗ ಬೇರೆ ದಾರಿ ಯೋಚಿಸಬಹುದು. ಅದಕ್ಕೂ ಮುನ್ನ, ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಗಾಳಿಯಾಡುವ ಕೋಣೆಯಲ್ಲಿ ಅದೇ ಪಾಠವನ್ನು ಇನ್ನೊಮ್ಮೆ ಓದಿ ನೋಡಿ. ತಲೆಗೆ ಹತ್ತಿದರೆ ತಪ್ಪು ನಿಮ್ಮದಾಗಿರಲಿಲ್ಲ ಎಂದರ್ಥ. ಊರಿಗೆ ಫೋನ್ ಮಾಡಿ 'ಇದು ನನ್ನ ಕೈಲಾಗದು' ಎಂದು ಹೇಳುವ ಮುನ್ನ ಈ ಒಂದು ಪರೀಕ್ಷೆಯನ್ನು ಮಾಡಿಕೊಳ್ಳುವುದರಲ್ಲಿ ನಷ್ಟವಂತೂ ಇಲ್ಲ.