ವದಂತಿಗಿಂತ ಮೊದಲು ತಲುಪಬೇಕಾದ ಮಾತು

೨೦೧೮ನೆಯ ಇಸವಿಯ ಜುಲೈ ೧೩ರಂದು, ಹೈದರಾಬಾದಿನಿಂದ ವಿಹಾರಾರ್ಥವಾಗಿ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ಗುಂಪೊಂದು ಹಂದಿಕೇರಾ ಗ್ರಾಮದ ಆಸುಪಾಸಿನಲ್ಲಿ ಶಾಲೆಯ ಮಕ್ಕಳನ್ನು ಕಂಡು, ಪರದೇಶದಿಂದ ಬಂದ ಚಾಕೊಲೇಟುಗಳನ್ನು ಅಕ್ಕರೆಯಿಂದ ಹಂಚಿತು. ಅಪರಿಚಿತರು, ಕಾರು, ಮಿಠಾಯಿ, ಮಕ್ಕಳು ಇವಿಷ್ಟೂ ಒಂದೆಡೆ ಸೇರಿದುದೇ ತಡ, ವಾರಗಟ್ಟಲೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದ ಮಕ್ಕಳ ಕಳ್ಳರ ಕಥೆಯು ಕಂಡವರ ಕಣ್ಣಿಗೆ ಪ್ರತ್ಯಕ್ಷವಾದಂತಾಯಿತು. ಜನರು ಕೂಡಿ ವಾಗ್ವಾದ ಬೆಳೆದಾಗ ಬೆದರಿದ ಗೆಳೆಯರು ಕಾರನ್ನೇರಿ ಹೊರಟರಾದರೂ, ವಾಟ್ಸ್‌ಆಪ್ ಸಂದೇಶವು ಅವರಿಗಿಂತ ಮುಂಚೆಯೇ ಮುರ್ಕಿ ಗ್ರಾಮವನ್ನು ಮುಟ್ಟಿ, ಅಲ್ಲಿ ದಾರಿಗೆ ಅಡ್ಡಗಟ್ಟಿಯಾಗಿತ್ತು. ಕಾರು ಹಳ್ಳಕ್ಕೆ ಬಿದ್ದಿತು, ಜನಸಮೂಹವು ಮುತ್ತಿತು, ಬಿಡಿಸಲು ಬಂದ ಪೊಲೀಸರೂ ಗಾಯಗೊಂಡರು, ಹೈದರಾಬಾದಿನ ತರುಣ ಸಾಫ್ಟ್‌ವೇರ್ ಎಂಜಿನಿಯರೊಬ್ಬನು ಅಲ್ಲಿಯೇ ಹತನಾದನು.

೧೯೫೬ರವರೆಗೆ ಹೈದರಾಬಾದಿನೊಡನೆ ಒಂದೇ ರಾಜ್ಯದಲ್ಲಿದ್ದು, ಇಂದಿಗೂ ಆಸ್ಪತ್ರೆ, ಓದು, ಉದ್ಯೋಗ, ನೆಂಟಸ್ತಿಕೆಗಳಿಗಾಗಿ ಆ ನಗರವನ್ನೇ ನೋಡುವ ಬೀದರಿನಲ್ಲಿ ಇಂತಹ ಕೃತ್ಯವು ನಡೆದುದು ನನ್ನನ್ನು ಈಗಲೂ ಬಾಧಿಸುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ, ಇದೇ ಸಂಶಯಕ್ಕೆ ಹೈದರಾಬಾದಿನ ಚಾಂದ್ರಾಯಣಗುಟ್ಟದಲ್ಲಿ ಮಂಗಳಮುಖಿಯೊಬ್ಬರೂ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆಂದು ಬಂದಿದ್ದ ರಾಜಸ್ಥಾನದ ಯುವಕನೊಬ್ಬನೂ ಬಲಿಯಾಗಿದ್ದರು. ಆ ದಿನಗಳಲ್ಲಿ ದೇಶವೆಲ್ಲ ನೋಡಿ ನಡುಗಿದ ಒಂದು ದೃಶ್ಯವಿತ್ತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವುದು. ವಾಸ್ತವದಲ್ಲಿ ಅದು ಮಕ್ಕಳ ಸುರಕ್ಷತೆಯ ಕುರಿತು ಎಚ್ಚರಿಸಲೆಂದು ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಹಿಂದಕ್ಕೆ ತಂದು ಬಿಡುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ತೆಗೆದಿದ್ದರು.

ಇನ್ನು ಅದೇ ವರ್ಷ, ಅದೇ ಬಗೆಯ ದೃಶ್ಯಗಳು ಹರಡಿದ ಇನ್ನೊಂದು ಸೀಮೆಯನ್ನು ನೋಡೋಣ. ಕೃಷ್ಣಾ ತುಂಗಭದ್ರೆಯರ ನಡುವೆ, ನಮ್ಮ ರಾಯಚೂರಿಗೆ ತಗುಲಿಕೊಂಡಿರುವ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿ ರೆಮಾ ರಾಜೇಶ್ವರಿ ಎಂಬುವರು ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದರು. ಹಳ್ಳಿಗೊಬ್ಬರಂತೆ ಜನರ ಸಂಪರ್ಕಕ್ಕೆ ನೇಮಿಸಿದ ಪೇದೆಗಳಿಂದ ಅವರಿಗೆ ವಿಚಿತ್ರವಾದೊಂದು ಸುದ್ದಿ ಬಂದಿತು: ಬೇಸಗೆಯಲ್ಲಿ ಅಂಗಳದಲ್ಲಿ ಮಲಗುವ ಜನರು ಕತ್ತಲಾಗುವ ಮುನ್ನವೇ ಹೊಲದಿಂದ ಮರಳಿ ಕದವಿಕ್ಕಿಕೊಳ್ಳುತ್ತಿದ್ದಾರೆ. ಕಾರಣವನ್ನು ಕೆದಕಿದಾಗ ಮೊಬೈಲಿನ ದೃಶ್ಯಗಳು ಹೊರಬಿದ್ದುವು. ಭಯವು ರೋಷವಾಗಿ ಪರಿಣಮಿಸುವವರೆಗೆ ಅವರು ಕಾಯಲಿಲ್ಲ. ಪೇದೆಗಳು ಮನೆಮನೆಗೆ ಹೋಗಿ ಆ ಚಿತ್ರಗಳು ಸುಳ್ಳೆಂದು ತಿಳಿಹೇಳಿದರು; ಊರಿನ ವಾಟ್ಸ್‌ಆಪ್ ಗುಂಪುಗಳಲ್ಲಿ ತಾವೂ ಸೇರಿಕೊಂಡರು; ಅಕ್ಷರ ಬಾರದವರಿಗಾಗಿ ಜನಪದ ಧಾಟಿಯ ಹಾಡುಗಳನ್ನು ಕಟ್ಟಿ, ವಾದ್ಯ ಬಾರಿಸಿ, ಸುಮಾರು ೪೦೦ ಹಳ್ಳಿಗಳಲ್ಲಿ ಸಾರಿದರು. ಸುತ್ತಲ ಸೀಮೆಗಳಲ್ಲಿ ರಕ್ತ ಹರಿದ ಆ ದಿನಗಳಲ್ಲಿ ಆಕೆಯ ಜಿಲ್ಲೆಯಲ್ಲಿ ಈ ವದಂತಿಗೆ ಒಂದು ಜೀವವೂ ಬಲಿಯಾಗಲಿಲ್ಲ. ಹೇಳಿದವನು ಪರಿಚಿತನು, ಹೇಳಿದ್ದು ತಮ್ಮ ನುಡಿಯಲ್ಲಿ, ಅದೂ ಚಿತ್ತವು ಇನ್ನೂ ಸಮಾಧಾನದಲ್ಲಿದ್ದಾಗ. ಗದ್ವಾಲದ ಬಲವೆಲ್ಲ ಇದರಲ್ಲಿಯೇ ಇದ್ದಿತೆಂದು ನನ್ನ ದೃಢವಾದ ನಂಬಿಕೆ.

ಮನಶ್ಶಾಸ್ತ್ರವೂ ಈ ನಂಬಿಕೆಯನ್ನು ಪುಷ್ಟೀಕರಿಸುತ್ತದೆ. ವಿಲಿಯಂ ಮ್ಯಾಕ್‌ಗೈರ್ ಎಂಬ ಅಮೆರಿಕದ ವಿದ್ವಾಂಸನು ೧೯೬೦ರ ದಶಕದ ಆದಿಭಾಗದಲ್ಲಿ, ಊಟವಾದೊಡನೆ ಹಲ್ಲುಜ್ಜುವುದು ಒಳ್ಳೆಯದೆಂಬಂತಹ, ಯಾರೂ ಎಂದೂ ಪ್ರಶ್ನಿಸದ ನಂಬಿಕೆಗಳನ್ನು ಆಯ್ದುಕೊಂಡು ಪರೀಕ್ಷೆ ನಡೆಸಿದನು. ಅವುಗಳ ಪರವಾದ ಮಾತುಗಳನ್ನಷ್ಟೇ ಕೇಳಿದ್ದವರು ಎದುರಾಳಿಯ ಪ್ರಬಲವಾದ ವಾದವು ಬಂದಾಗ ಬೇಗ ಕದಲಿದರೆ, ಎದುರುವಾದವನ್ನು ದುರ್ಬಲರೂಪದಲ್ಲಿ, ಅದರ ಖಂಡನೆಯೊಡನೆ, ಮೊದಲೇ ಕೇಳಿದ್ದವರು ಹೆಚ್ಚು ಸ್ಥಿರವಾಗಿ ನಿಂತರು. ದೇಹಕ್ಕೆ ಲಸಿಕೆಯು ಮಾಡುವ ಕಾರ್ಯವೇ ಇದು. ಹೈದರಾಬಾದಿನ ಜೀನೋಮ್ ವ್ಯಾಲಿಯಲ್ಲಿ ತಯಾರಾಗುವ ಲಸಿಕೆಗಳೂ ಶತ್ರುವಿನ ಗುರುತನ್ನು ಆಕ್ರಮಣಕ್ಕೆ ಮುನ್ನವೇ ದೇಹಕ್ಕೆ ಪರಿಚಯಿಸುತ್ತವೆ. ಕೇಂಬ್ರಿಜಿನ ಸಂಶೋಧಕರು ಈಚೆಗೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಒಂದೊಂದು ಸುಳ್ಳನ್ನೂ ಬೆನ್ನಟ್ಟುವುದಕ್ಕಿಂತ ಸುಳ್ಳಿನ ತಂತ್ರಗಳನ್ನೇ, ಎಂದರೆ ಭಯವನ್ನು ಕೆರಳಿಸುವುದು, ಒಂದು ಪಂಗಡವನ್ನು ಎಲ್ಲಕ್ಕೂ ಹೊಣೆ ಮಾಡುವುದು, ಮೂರನೆಯ ದಾರಿಯೇ ಇಲ್ಲವೆನ್ನುವುದು ಇವನ್ನೇ ತೋರಿಸಿಕೊಡುವುದು ಮೇಲೆಂದು ಕಂಡುಕೊಂಡಿದ್ದಾರೆ. ತಡಮಾಡಿ ನೀಡುವ ಖಂಡನೆಗೆ ಬಲ ಸಾಲದು. ಏಕೆಂದರೆ ಮತ್ತೆ ಮತ್ತೆ ಕೇಳಿದ ಮಾತು ಕೇಳಿದಷ್ಟಕ್ಕೇ ನಿಜವೆನಿಸತೊಡಗುವುದು ಮನುಷ್ಯಸ್ವಭಾವವೆಂದು ೧೯೭೭ರಷ್ಟು ಹಿಂದೆಯೇ ಪ್ರಯೋಗಗಳು ತೋರಿಸಿವೆ.

ಆದರೆ ಮನಸ್ಸಿನ ಈ ಲಸಿಕೆಯು ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯಲ್ಲ. ೨೦೧೯ರ ಚುನಾವಣೆಯ ಕಾಲದಲ್ಲಿ ಬಿಹಾರದಲ್ಲಿ ಸಂಶೋಧಕಿ ಸುಮಿತ್ರಾ ಬದರಿನಾಥನ್ ಅವರು ಮನೆಮನೆಗೆ ಸುಳ್ಳುಸುದ್ದಿಯನ್ನು ಗುರುತಿಸುವ ಒಂದು ಗಂಟೆಯ ಶಿಕ್ಷಣವನ್ನು ಕೊಡಿಸಿ ನೋಡಿದಾಗ ಒಟ್ಟಿನಲ್ಲಿ ಹೇಳಿಕೊಳ್ಳುವಂತಹ ಫಲ ಕಾಣಲಿಲ್ಲ. ಮುಂದೆ ಅದೇ ಬಿಹಾರದಲ್ಲಿ ೧೩,೦೦೦ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಹಲವು ವಾರಗಳ ಕಾಲ ತರಗತಿಯಲ್ಲಿಯೇ ಪಾಠ ಹೇಳಿದಾಗ ಸತ್ಯಾಸತ್ಯ ವಿವೇಚನೆ ಬೆಳೆದುದಲ್ಲದೆ, ತಿಂಗಳುಗಳ ತರುವಾಯವೂ ಉಳಿದಿತ್ತು. ಮಕ್ಕಳ ಮೂಲಕ ತಂದೆತಾಯಿಗಳಿಗೂ ಅದು ಸ್ವಲ್ಪಮಟ್ಟಿಗೆ ಮುಟ್ಟಿತು. ಹಾಗೆಂದು ಎಲ್ಲವನ್ನೂ ಶಂಕಿಸುವ ಚಾಳಿಯನ್ನು ಕಲಿಸಿದರೆ ನಿಜವಾದ ವೈದ್ಯನ ಮಾತೂ ನಂಬಿಕೆಗೆಡುತ್ತದೆಂಬುದನ್ನು ಕಲಿಸುವವರು ನೆನಪಿನಲ್ಲಿಡಬೇಕು.

ಮುರ್ಕಿಯ ಘಟನೆಯ ನಂತರ ವಾಟ್ಸ್‌ಆಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿಯನ್ನು ವಿಧಿಸಿತು. ಅದು ವೇಗವನ್ನು ತಗ್ಗಿಸೀತು, ವಿವೇಕವನ್ನು ಕೊಡಲಾರದು. ಬೀದರ್, ರಾಯಚೂರು, ಕಲಬುರಗಿಗಳ ಶಾಲೆಗಳಲ್ಲಿ ಸುಳ್ಳಿನ ತಂತ್ರಗಳನ್ನು ಮೊದಲೇ ಗುರುತಿಸುವುದು ಒಂದು ಪಾಠವಾಗಬೇಕು. ಹೈದರಾಬಾದಿನ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ನಮ್ಮ ಸಂಸ್ಥೆಗಳು ಗಡಿಯ ಎರಡೂ ಬದಿಯ ಕನ್ನಡಿಗರಿಗೆ ಈ ಮಾತನ್ನು ಕನ್ನಡದಲ್ಲಿಯೇ ಹೇಳಬೇಕು. ಓದುಗರೂ ತಮ್ಮ ಮನೆಯ ಗುಂಪಿನಲ್ಲಿ, ಯಾವ ವದಂತಿಯೂ ಇಲ್ಲದ ಈ ಹೊತ್ತಿನಲ್ಲಿಯೇ, ಕತ್ತರಿಸಿದ ಆ ಕರಾಚಿಯ ಚಿತ್ರದ ಕಥೆಯನ್ನು ಹಿರಿಯರಿಗೂ ಮಕ್ಕಳಿಗೂ ಹೇಳಿಡಬೇಕೆಂದು ಬೇಡುತ್ತೇನೆ.