ನಮ್ಮ ಮಣ್ಣಿಗೆ ಯಾವ ಟಿಲ್ಲರು?

ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಸೀಮೆಯ ನಮ್ಮವರ ಮನೆಗಳಲ್ಲಿ ಒಂದು ಕಾಲಕ್ಕೆ ಕೊಟ್ಟಿಗೆಯೇ ಬೇಸಾಯದ ಬಲವಾಗಿದ್ದಿತು. ಹಳ್ಳಿಕಾರ್ ಅಥವಾ ಆಲಂಬಾಡಿ ಎತ್ತುಗಳ ಜೋಡಿಯೊಂದಿದ್ದರೆ ಗೃಹಸ್ಥನಿಗೆ ಧೈರ್ಯ. ಭೂಮಿ ಅಣ್ಣತಮ್ಮಂದಿರಲ್ಲಿ ಭಾಗವಾಗುತ್ತ ಬಂದಿತು. ಮಕ್ಕಳು ಕಾರ್ಖಾನೆಗಳಿಗೆ ಹೊರಟರು. ಎತ್ತು ಕಟ್ಟುವವರು ವಿರಳವಾದರು. ಆ ಸ್ಥಾನಕ್ಕೆ ಈಗ ಟಿಲ್ಲರು ಬಂದಿದೆ. ಆದರೆ ಒಡವೆ ಅಡವಿಟ್ಟು ತಂದ ಯಂತ್ರ ಮಣ್ಣಿಗೆ ಒಗ್ಗದೆ ಮೂಲೆಯಲ್ಲಿ ತುಕ್ಕು ಹಿಡಿಯುವುದನ್ನೂ ನಾವು ಕಾಣುತ್ತಿದ್ದೇವೆ. ಆದುದರಿಂದ ಈ ವಿಷಯವನ್ನು ಓದುಗರ ಮುಂದಿಡುತ್ತಿದ್ದೇವೆ.

ಈ ಯಂತ್ರ ನಮ್ಮ ಸೀಮೆಗೆ ಹೊಸತಲ್ಲ. ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಿ.ಎಸ್.ಟಿ. ಸಂಸ್ಥೆ ಸ್ಥಾಪಿತವಾದುದು 1967ರಲ್ಲಿ. ಕೇರಳ ಸರ್ಕಾರದ ಕ್ಯಾಮ್ಕೊ 1973ರಲ್ಲಿ ಜನಿಸಿತು. ಜಪಾನಿನ ಕೆಸರುಗದ್ದೆಗಾಗಿ ಹುಟ್ಟಿದ ಯಂತ್ರವೆಂಬುದನ್ನು ಮಾತ್ರ ನಾವು ಮರೆಯಬಾರದು.

ಮೊದಲು ಮಣ್ಣು

ಅಂಗಡಿಗೆ ಹೋಗುವ ಮುನ್ನ ಹೊಲಕ್ಕೆ ಹೋಗಬೇಕು. ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ನಾದಿ ಅಂಗೈಯಲ್ಲಿ ಹೊಸೆಯಿರಿ. ಬತ್ತಿಯಾಗಿ, ಬಾಗಿಸಿದಾಗ ಉಂಗುರವಾದರೆ ಜೇಡಿ. ಬತ್ತಿಯೇ ಆಗದೆ ಉದುರಿದರೆ ಮರಳು. ಬತ್ತಿಯಾಗಿ ಬಾಗಿಸಿದಾಗ ಮುರಿದರೆ ನಡುತರದ್ದು. ನಮ್ಮ ಕಡೆ ಹೆಚ್ಚಾಗಿರುವುದು ಕೆಂಪು ಮಣ್ಣು. ಅದು ಮಳೆಯಲ್ಲಿ ಮೆದು, ಬಿಸಿಲಿನಲ್ಲಿ ಇಟ್ಟಿಗೆ. ಇಂಥ ಗಟ್ಟಿ ನೆಲದಲ್ಲಿ ಚಕ್ರವಿಲ್ಲದೆ ಅಲಗುಗಳ ಮೇಲೆಯೇ ನಡೆಯುವ ಹಗುರ ಯಂತ್ರ ಕುಪ್ಪಳಿಸುತ್ತದೆ; ಹಿಡಿದವನ ತೋಳು ಸೋಲುತ್ತದೆ. ಎಂಜಿನ್ ಚಕ್ರಗಳನ್ನು ನಡೆಸುವ, ಅಲಗುಗಳು ಹಿಂದಿರುವ ಯಂತ್ರವೇ ಇಲ್ಲಿಗೆ ಮೇಲು. ಗರಸು ಕಲ್ಲಿರುವ ಹೊಲದಲ್ಲಿ ಅಲಗು ಬೇಗ ಸವೆಯುವುದರಿಂದ ಬಿಡಿಭಾಗಗಳು ಹತ್ತಿರದ ಪೇಟೆಯಲ್ಲಿ ದೊರೆಯುವುವೇ ಎಂದು ಕೇಳಿಕೊಳ್ಳಬೇಕು.

ಬಳಿಕ ಸ್ಥಳ

ಐದು ಸೆಂಟಿನ ಹಿತ್ತಿಲಿಗೆ ಗುದ್ದಲಿಯೇ ಸಾಕು; ಬೇಕೆಂದರೆ 2 ಅಶ್ವಶಕ್ತಿಯ ಪುಟ್ಟ ಯಂತ್ರ. ಅರ್ಧ, ಒಂದು ಎಕರೆಯ ಟೊಮೇಟೊ, ಕೋಸು, ಗುಲಾಬಿ ತೋಟಕ್ಕೆ 5ರಿಂದ 7 ಅಶ್ವಶಕ್ತಿಯದು ತಕ್ಕದ್ದು. ಸಾಲುಗಳ ನಡುವಣ ಅಂತರವನ್ನು ಅಳೆದು, ಇಕ್ಕೆಲಗಳಲ್ಲಿ ಒಂದೊಂದು ಗೇಣು ಕಳೆದು, ಉಳಿದ ಅಗಲದ ಯಂತ್ರವನ್ನೇ ಆರಿಸಬೇಕು. ಕೃಷ್ಣಗಿರಿ ಅಣೆಕಟ್ಟಿನ ಕೆಳಗಣ ಭತ್ತದ ಗದ್ದೆಗೆ 12-13 ಅಶ್ವಶಕ್ತಿಯ ಪವರ್ ಟಿಲ್ಲರೂ ಕಬ್ಬಿಣದ ಪಂಜರಚಕ್ರವೂ ಬೇಕು. ಮಾವಿನ ತೋಪಿನಲ್ಲಿ ಕೊಂಬೆಯ ನೆರಳಿನೊಳಗೆ ಆಳಕ್ಕೆ ಹೋಗದಿರಿ. ಮರಕ್ಕೆ ಆಹಾರ ಹೀರುವ ಎಳೆಬೇರುಗಳು ಮೇಲ್ಪದರದಲ್ಲಿಯೇ ಇರುತ್ತವೆ.

ಬಳಕೆಯ ವಿವೇಕ

ನಾಲ್ಕು ಅಂಗುಲ ಆಳದ ಮಣ್ಣನ್ನು ಹಿಡಿಯಲ್ಲಿ ಅದುಮಿ ಸೊಂಟದೆತ್ತರದಿಂದ ಬಿಡಿ. ಪುಡಿಯಾದರೆ ಹದ, ಮುದ್ದೆಯಾಗಿಯೇ ಬಿದ್ದರೆ ಕಾಯಿರಿ. ಹದ ಮೀರಿ ಪುಡಿಮಾಡಿದ ಕೆಂಪು ಮಣ್ಣು ಮುಂದಿನ ಮಳೆಗೆ ಹೆಪ್ಪುಗಟ್ಟಿ ರಾಗಿಯ ಮೊಳಕೆಯನ್ನು ತಡೆಯುತ್ತದೆ. ವರ್ಷವರ್ಷವೂ ಒಂದೇ ಆಳಕ್ಕೆ ಓಡಿಸಿದರೆ ಕೆಳಗೆ ಗಟ್ಟಿಪದರ ಕಟ್ಟಿ ಮಳೆನೀರು ಇಂಗುವುದಿಲ್ಲ. ಮೂರು ವರ್ಷಕ್ಕೊಮ್ಮೆ ಉಳಿನೇಗಿಲಿನಿಂದ ಆಳವಾಗಿ ಸೀಳಿಸುವುದು ಇದಕ್ಕೆ ಮದ್ದು. ಗರಿಕೆ, ಕೊನ್ನಾರಿ ಇರುವಲ್ಲಿ ಗೆಡ್ಡೆಗಳನ್ನು ಆರಿಸಿ ತೆಗೆಯದೆ ಟಿಲ್ಲರು ಹೊಡೆದರೆ ಒಂದು ತುಂಡು ಹತ್ತಾಗುವುದು.

ಹಿಂದಕ್ಕೆ ನಡೆಸುವಾಗ ಅಲಗುಗಳ ಓಟವನ್ನು ನಿಲ್ಲಿಸಲೇಬೇಕು. ಹುಲ್ಲು ಸಿಕ್ಕಿದರೆ ಎಂಜಿನ್ ಆರಿಸಿದ ಮೇಲೆಯೇ ಕೈಯಿಡಬೇಕು. ಪಂಚೆಯ ಅಂಚು, ಸೀರೆಯ ಸೆರಗು, ಮಕ್ಕಳ ಆಟ - ಈ ಮೂರೂ ಯಂತ್ರದಿಂದ ದೂರವಿರಲಿ.

ಕೊಳ್ಳುವುದೋ, ಬಾಡಿಗೆಯೋ?

ವರ್ಷದಲ್ಲಿ ಹತ್ತು ದಿನವೂ ಕೆಲಸವಿಲ್ಲದ ಯಂತ್ರಕ್ಕೆ ಸಾಲ ಮಾಡುವುದು ವಿವೇಕವಲ್ಲ. ನಾಲ್ಕು ಮನೆಯವರು ಕೂಡಿ ಕೊಳ್ಳಬಹುದು, ಬಾಡಿಗೆಗೂ ತರಬಹುದು. ಕೊಳ್ಳುವವರು ಹಣ ಕಟ್ಟುವ ಮೊದಲೇ ತಮಿಳುನಾಡು ಕೃಷಿ ಎಂಜಿನಿಯರಿಂಗ್ ಇಲಾಖೆಯಲ್ಲಿ ಸಹಾಯಧನದ ವಿಚಾರ ತಿಳಿದುಕೊಳ್ಳಲಿ. ಅರ್ಜಿ ತಮಿಳಿನಲ್ಲಿದೆಯೆಂದು ಹಿಂಜರಿದು, ತಮಗೆ ಸಲ್ಲಬೇಕಾದುದನ್ನು ಬಿಟ್ಟುಕೊಡುವ ಹಿರಿಯರು ನಮ್ಮಲ್ಲಿದ್ದಾರೆ. ಮನೆಯ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಕಲಿಯುತ್ತಿದ್ದಾರಷ್ಟೆ. ಅವರಿಂದ ಓದಿಸಿ ಕೇಳಿ, ತಿಳಿದು ಸಹಿ ಹಾಕಿ. ಮಣ್ಣಿನ ಪಾಠವನ್ನು ಹಿರಿಯರು ಹೇಳಲಿ, ಅರ್ಜಿಯ ಪಾಠವನ್ನು ಮಕ್ಕಳು ಹೇಳಲಿ.